ಜೈಸಲ್ಮೇರಿನಲ್ಲಿ ಮರಳು ಬಿಟ್ಟರೆ ನೋಡಲು ಏನಿದೆ?

ಡಿಸೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರೇ ರಾಜಸ್ಥಾನದ ಜೈಸಲ್ಮೇರಿಗೆ ಹೊರಟಿದ್ದೀರಿ. ಮರಳು ದಿಬ್ಬದ ಡೇರೆಯಲ್ಲಿ ಒಂದು ರಾತ್ರಿ ಕಳೆದು ಬಂದರೆ ಆಯಿತು, ಊರಿನಲ್ಲಿ ಬೇರೇನೂ ಇಲ್ಲವೆಂದು ಯಾರೋ ಹೇಳಿದ್ದಾರೆ. ಅದು ನಿಜವೇ ಎಂದು ಕೇಳಿದ್ದೀರಿ. ನಾನಂತೂ ಅದಕ್ಕೆ ಉಲ್ಟಾ ಹೇಳುತ್ತೇನೆ: ಮರಳಿಗೆ ಒಂದು ಸಂಜೆ ಸಾಕು, ಉಳಿದ ಹೊತ್ತನ್ನೆಲ್ಲ ಊರಿಗೆ ಕೊಡಿ.

ನಾವು ಕೊಪ್ಪಳ ಜಿಲ್ಲೆಯವರು. ಹೊರಡುವಾಗ ಓಣಿಯವರು "ಇಲ್ಲಿಯ ಬಿಸಿಲು ಸಾಲದೇನು?" ಎಂದು ನಕ್ಕಿದ್ದರು. ನಮ್ಮ ಮನೆಯವರು ಸಣ್ಣ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಯಾವ ಊರಿಗೆ ಹೋದರೂ ಗುಡಿಗಿಂತ ಮೊದಲು ಕೆರೆ ಎಲ್ಲಿದೆ ಎಂದು ವಿಚಾರಿಸುವ ಚಾಳಿ ಅವರದು. ಬೇರೆಡೆ ಇದರಿಂದ ನನಗೆ ತಲೆನೋವೇ ಹೆಚ್ಚು. ಜೈಸಲ್ಮೇರಿನಲ್ಲಿ ಮಾತ್ರ ಊರು ಅರ್ಥವಾಗಿದ್ದೇ ಆ ಚಾಳಿಯಿಂದ.

ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಸೀಮೆ ಅದು. ಬರದ ನಾಡೆಂದು ಹೆಸರಾದ ನಮ್ಮ ಕೊಪ್ಪಳದಲ್ಲೇ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಅಂಥ ಕಡೆ 1156ರಲ್ಲಿ ಭಾಟಿ ಮನೆತನದ ರಾವಲ್ ಜೈಸಲ್ ತ್ರಿಕೂಟ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ. ಸಿಂಧ್ ಕಡೆಗೆ ಹೋಗಿಬರುವ ಒಂಟೆಗಳ ಸಾಲು ಇಲ್ಲಿ ತಂಗುತ್ತಿತ್ತು, ಸುಂಕ ಕೊಡುತ್ತಿತ್ತು. ಊರು ಬದುಕಿದ್ದು ಆ ಹಣದಿಂದ. ಪಟವರ ಹವೇಲಿಯ (ಹವೇಲಿ ಎಂದರೆ ಸಿರಿವಂತರ ದೊಡ್ಡ ಮನೆ) ಕಲ್ಲಿನ ಜಾಲಂದ್ರಗಳೂ ಕೋಟೆಯೊಳಗಿನ ಜೈನ ಬಸದಿಗಳೂ ವ್ಯಾಪಾರಿಗಳ ದುಡ್ಡಿನ ಫಲವೇ. ಮುಂಬೈ ಬಂದರು ಬೆಳೆದಂತೆ ವ್ಯಾಪಾರ ಸೊರಗಿತು, ದೇಶ ವಿಭಜನೆಯಾದ ಮೇಲೆ ಆ ದಾರಿಯೇ ಮುಚ್ಚಿಹೋಯಿತು. ಹವೇಲಿಗಳ ಬಗ್ಗೆ ಗೈಡ್‌ಗಳೇ ಬೇಕಾದಷ್ಟು ಹೇಳುತ್ತಾರೆ, ನಾನು ಉದ್ದ ಬೆಳೆಸುವುದಿಲ್ಲ. ನಥಮಲ್ ಹವೇಲಿಯ ಮುಂದೆ ಮಾತ್ರ ಸ್ವಲ್ಪ ನಿಲ್ಲಿ. ಅಣ್ಣತಮ್ಮಂದಿರಿಬ್ಬರು ಎಡಬಲ ಹಂಚಿಕೊಂಡು ಕೆತ್ತಿದ್ದೆಂದು ಹೇಳುತ್ತಾರೆ. ದೂರದಿಂದ ಎರಡೂ ಒಂದೇ ಎನಿಸುತ್ತದೆ, ಹತ್ತಿರ ಹೋದರೆ ಒಂದರ ಹಾಗೆ ಇನ್ನೊಂದಿಲ್ಲ.

ಬೆಳಗ್ಗೆ ಗಡಿಸರ್ ಕೆರೆಗೆ ಹೋಗಿ. ಹದಿನಾಲ್ಕನೆಯ ಶತಮಾನದಲ್ಲಿ ರಾವಲ್ ಗಡಸಿಯ ಕಾಲದಲ್ಲಿ ರೂಪುಗೊಂಡ ಕೆರೆ ಇದು. ಕಳೆದ ಶತಮಾನದ ನಡುವಿನವರೆಗೂ ಊರಿಗೆಲ್ಲ ಇದರ ನೀರೇ ಆಧಾರವಾಗಿತ್ತು. ಈಗ ಪಂಜಾಬಿನ ಹರಿಕೆಯಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆಯ ನೀರು ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಈ ಸೀಮೆಗೆ ಬರುತ್ತದೆ. ಕೆರೆಯ ಹೆಬ್ಬಾಗಿಲನ್ನು ತೀಲೋಂ ಎಂಬ ವೇಶ್ಯೆ ಕಟ್ಟಿಸಿದಳಂತೆ. ಅವಳು ಕಟ್ಟಿಸಿದ ಬಾಗಿಲಲ್ಲಿ ರಾಜಮನೆತನದವರು ಹಾಯುವುದು ಹೇಗೆ ಎಂದು ಕೆಡವಲು ಹೊರಟಾಗ ಅವಳು ಅದರ ಮೇಲೊಂದು ದೇವರ ಗುಡಿ ಕಟ್ಟಿಸಿಬಿಟ್ಟಳಂತೆ. ಇನ್ನು ಕೆಡವುವ ಧೈರ್ಯ ಯಾರಿಗೆ? ಕಥೆ ನಿಜವೋ ಸುಳ್ಳೋ, ಆ ಹೆಂಗಸಿನ ಬುದ್ಧಿ ನನಗೆ ಬಹಳ ಹಿಡಿಸಿತು.

ನಮ್ಮವರಿಗೆ ಹಿಡಿಸಿದ್ದು ಖಡೀನ್ ಎಂಬ, ಮಳೆನೀರು ನಿಲ್ಲಿಸಿ ಬೆಳೆ ತೆಗೆಯುವ ಹೊಲ. ಟ್ಯಾಕ್ಸಿಯವರ ಪಟ್ಟಿಯಲ್ಲಿ ಇದರ ಹೆಸರಿರುವುದಿಲ್ಲ, ನೀವೇ ಕೇಳಬೇಕು. ಕುಲಧರಾ, ಖಾಭಾ ಎಂಬ ಪಾಳು ಹಳ್ಳಿಗಳ ಕಡೆ ಹೋಗುವಾಗ ಸಿಗುತ್ತದೆ. ಸುತ್ತಲಿನ ಕಲ್ಲು ನೆಲದ ಮೇಲೆ ಬಿದ್ದ ಮಳೆ ತಗ್ಗಿಗೆ ಹರಿದು ಬರುತ್ತದೆ. ತಗ್ಗಿನ ಕೆಳಗಡೆ ಉದ್ದಕ್ಕೆ ಮಣ್ಣಿನ ಒಡ್ಡು, ಹೆಚ್ಚಾದ ನೀರು ಹೊರಹೋಗಲು ಕೋಡಿ. ಮಳೆಗಾಲವೆಲ್ಲ ಅದು ಕೆರೆ. ನೀರು ಇಂಗಿದ ಮೇಲೆ ಅದೇ ಹೊಲ. ಒಳಗಿನ ಹಸಿಯನ್ನೇ ನಂಬಿ ಗೋಧಿ, ಕಡಲೆ ಬಿತ್ತುತ್ತಾರೆ, ಮತ್ತೆ ಮಳೆ ಬೇಕಿಲ್ಲ. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬರುವುದೂ ಒಳಹಸಿಯ ಬಲದಿಂದಲೇ ತಾನೇ? ನಮ್ಮಲ್ಲಿ ಹಸಿ ಹಿಡಿಯುವ ಗುಣ ಮಣ್ಣಿಗೇ ಇದೆ, ಅಲ್ಲಿ ನೀರನ್ನು ಒಡ್ಡು ಕಟ್ಟಿ ನಿಲ್ಲಿಸಬೇಕು. ಹೊಲದ ಹತ್ತು ಪಟ್ಟಿಗೂ ಹೆಚ್ಚು ನೆಲದ ಮಳೆಯನ್ನು ಒಂದೆಡೆ ಕೂಡಿಸುವ ಲೆಕ್ಕಾಚಾರ ಇದು. ಹಿಂದೆ ಆ ಹಳ್ಳಿಗಳಲ್ಲಿದ್ದ ಪಾಲಿವಾಲ ಬ್ರಾಹ್ಮಣರು ಇದರಲ್ಲಿ ಪಳಗಿದವರು. ನಮ್ಮವರು ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬಂದು, "ಸಿಮೆಂಟಿನ ಒಂದು ಚೀಲವೂ ಇಲ್ಲ ನೋಡು" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಇಷ್ಟು ಕಂಡ ಮೇಲೆ ಕುಲಧರಾ ಬೇರೆಯೇ ಆಗಿ ಕಾಣುತ್ತದೆ. ಜೈಸಲ್ಮೇರಿನ ದಿವಾನ ಸಾಲಿಂ ಸಿಂಗ್ ಹಳ್ಳಿಯ ಹುಡುಗಿಯ ಮೇಲೆ ಕಣ್ಣು ಹಾಕಿದ, ಪಾಲಿವಾಲರು ಒಂದೇ ರಾತ್ರಿ ಊರು ಬಿಟ್ಟು ಶಾಪ ಹಾಕಿ ಹೋದರು, ಈಗ ಅಲ್ಲಿ ದೆವ್ವಗಳಿವೆ ಎಂದು ಗೈಡ್‌ಗಳು ಹೇಳುತ್ತಾರೆ. ದೆವ್ವದ ಮಾತು ಬಿಡಿ. ತೆರಿಗೆಯ ಕಾಟ, ಬತ್ತುತ್ತಾ ಬಂದ ನೀರು ಎಂಬ ಕಾರಣಗಳನ್ನೂ ಬಲ್ಲವರು ಕೊಡುತ್ತಾರೆ. ಖಡೀನ್ ನೋಡಿಕೊಂಡು ಬಂದವರಿಗೆ ನೀರಿನ ಕಾರಣವೇ ಹೆಚ್ಚು ನಂಬಿಕೆಗೆ ಬರುತ್ತದೆ.

ಇನ್ನು ಉಳಿದುಕೊಳ್ಳುವ ವಿಷಯ. ಕೋಟೆಯೊಳಗೆ ಇಂದಿಗೂ ಸಂಸಾರಗಳಿವೆ, ಅಂಗಡಿಗಳಿವೆ, ಹೋಟೆಲ್‌ಗಳೂ ಇವೆ. ಕಿಟಕಿಯಿಂದ ನೋಟ ಚೆನ್ನಾಗಿದೆಯೆಂದು ಒತ್ತಾಯ ಮಾಡುತ್ತಾರೆ. ದಯವಿಟ್ಟು ಕೆಳಗಿನ ಊರಿನಲ್ಲಿ ಕೋಣೆ ಹಿಡಿಯಿರಿ. ಮನೆಗೆ ಕೊಡಗಳಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದ ಕೋಟೆ ಅದು. ಈಗ ನಲ್ಲಿ ಬಂದಿದೆ, ಶವರ್ ಬಂದಿದೆ, ಆ ನೀರೆಲ್ಲ ಸೋರಿ ಗುಡ್ಡದೊಳಗಿನ ಮೆದು ಮಣ್ಣಿಗೆ ಇಳಿಯುತ್ತಿದೆ, ಬುರುಜುಗಳು ಜರಿಯುತ್ತಿವೆ. 2013ರಲ್ಲಿ ರಾಜಸ್ಥಾನದ ಇನ್ನೂ ಐದು ಕೋಟೆಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದೆ, ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಚರಂಡಿ ಸೋರುವುದು ನಿಲ್ಲುವುದಿಲ್ಲ. ನೋಟ ಬೇಕಿದ್ದರೆ ಕೆಳಗಿನ ಯಾವುದಾದರೂ ಮಾಳಿಗೆಯಿಂದ ಕೋಟೆಯನ್ನೇ ನೋಡಬಹುದು. ಕೋಟೆಯೊಳಗೆ ಮಲಗಿದವರಿಗೆ ಕೋಟೆ ಕಾಣುವುದಿಲ್ಲ!

ಊಟಕ್ಕೆ ಚಿಂತೆ ಬೇಡ. ಸಜ್ಜೆ ರೊಟ್ಟಿ ತಿಂದವರಿಗೆ ಅಲ್ಲಿಯ ಬಾಜ್ರಾ ರೊಟ್ಟಿ ನೆಂಟರ ಮನೆಯದೇ. ಸ್ವಲ್ಪ ದಪ್ಪ, ತುಪ್ಪ ಧಾರಾಳ. ಕೇರ್ ಸಾಂಗ್ರಿ ತಪ್ಪದೆ ಕೇಳಿ. ಕೇರ್ ಎಂಬುದು ಮುಳ್ಳುಗಿಡದ ಪುಟ್ಟ ಕಾಯಿ. ಸಾಂಗ್ರಿ ಎಂದರೆ ನಮ್ಮ ಬನ್ನಿ ಮರದ ಕೋಡು, ಒಣಗಿಸಿ ಇಟ್ಟದ್ದು. ಇದು ತಿಳಿದಾಗ ನಾನು ತುತ್ತು ಕೈಯಲ್ಲೇ ಹಿಡಿದು ಕುಳಿತೆ. ದಸರೆಯಲ್ಲಿ ನಾವು ಸುತ್ತು ಹಾಕಿ ಕೈಮುಗಿಯುವ ಮರದ ಪಲ್ಯ! "ಮರುಭೂಮಿಯಲ್ಲಿ ಹಸಿರಾಗಿ ನಿಲ್ಲುವುದು ಅದೊಂದೇ, ಅದನ್ನೂ ತಿನ್ನದಿದ್ದರೆ ಇವರು ಏನು ತಿನ್ನಬೇಕು?" ಎಂದು ನಮ್ಮವರು ಇನ್ನೊಂದು ಸೌಟು ಬಡಿಸಿಕೊಂಡರು.

ಮರಳು ದಿಬ್ಬ ನೋಡಲು ಜನ ಹೋಗುವುದು ಸಮ್, ಖುರಿ ಎಂಬ ಎರಡು ಹಳ್ಳಿಗಳಿಗೆ. ಮರಳಿನ ಸಂಜೆಗೆ ಸಮ್‌ಗಿಂತ ಖುರಿ ವಾಸಿ. ಸಮ್ ಹತ್ತಿರ, ಸುಮಾರು 40 ಕಿಲೋಮೀಟರ್. ಅದಕ್ಕೇ ಜೀಪು, ಧ್ವನಿವರ್ಧಕ, ಸಿನಿಮಾ ಹಾಡು ಎಲ್ಲವೂ ಅಲ್ಲಿ ಜಾತ್ರೆ ನೆರೆದಿರುತ್ತವೆ. ಎಲ್ಲಿಗೇ ಹೋದರೂ ಮಾಂಗಣಿಯಾರರ ಹಾಡನ್ನು ಮೈಕು ಆರಿಸಿ ಕೇಳಿಸಿರೆಂದು ಕೇಳಿಕೊಳ್ಳಿ. ಹುಟ್ಟಿನಿಂದ ಮುಸಲ್ಮಾನರು, ತಲೆತಲಾಂತರದಿಂದ ರಜಪೂತ ಮನೆಗಳ ಮದುವೆ ಮುಂಜಿಗಳಿಗೆ ಹಾಡುತ್ತಾ ಬಂದವರು, ಕೃಷ್ಣನ ಮೇಲಿನ ಹಾಡನ್ನೂ ಹಾಡುತ್ತಾರೆ. ಆಡಿನ ಚರ್ಮ ಹೊದಿಸಿದ ಕಮಾಯಚಾ ಎಂಬ ಕಮಾನಿನ ವಾದ್ಯ ಅವರ ಬಳಿ ಇದ್ದರೆ ಅದನ್ನೇ ನುಡಿಸಲು ಹೇಳಿ.

ರೈಲಿನಲ್ಲಿ ಹೋಗುವುದಾದರೆ ಹುಬ್ಬಳ್ಳಿಯ ಮೇಲೆ ಜೋಧಪುರಕ್ಕೆ ಹೋಗುವ ಗಾಡಿ ಹಿಡಿದು, ಅಲ್ಲಿಂದ ಜೈಸಲ್ಮೇರಿಗೆ ಬೇರೆ ರೈಲು. ಡಿಸೆಂಬರಿನಲ್ಲಿ ಬೆಳಗಿನ ಏಳು ಗಂಟೆಗೂ ಅಲ್ಲಿ ಕತ್ತಲೆ ಬಿಟ್ಟಿರುವುದಿಲ್ಲ, ರಾತ್ರಿ ಚಳಿ ಮೂಳೆಗೆ ಇಳಿಯುತ್ತದೆ. ಮರುಭೂಮಿಯೆಂದು ತೆಳು ಬಟ್ಟೆ ತುಂಬಿಕೊಂಡು ಹೋಗಬೇಡಿ. ವರ್ಷದ ಕೊನೆಯ ವಾರದಲ್ಲಿ ಕೋಣೆಗಳು ದುಬಾರಿ. ಹಿಂತಿರುಗುವಾಗ ಬಿಡುವಿದ್ದರೆ ಫಲೋದಿಯಲ್ಲಿ ಇಳಿದು ಪಕ್ಕದ ಖೀಚನ್ ಹಳ್ಳಿಗೆ ಹೋಗಿ. ಚಳಿಗಾಲದಲ್ಲಿ ಕುರ್ಜಾ ಎಂಬ ಬೂದು ಬಣ್ಣದ ವಲಸೆ ಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ, ಊರಿನವರೇ ಕಾಳು ಹಾಕುತ್ತಾರೆ. ನಸುಕಿಗೇ ತಲುಪಬೇಕು. ಬಿಸಿಲೇರಿದ ಮೇಲೆ ಹೋದರೆ ಕಾಳೂ ಇಲ್ಲ, ಹಕ್ಕಿಯೂ ಇಲ್ಲ.