ಅಣೆಕಟ್ಟಿನ ನೀರಿಗೆ ಊರು ಮುಳುಗುವಾಗ ಅಲ್ಲಿನ ಹಳೇ ಗುಡಿಯನ್ನು ಬೇರೆಡೆ ಒಯ್ಯಬಹುದೇ? ನಮ್ಮ ಗದಗ ಸೀಮೆಯ ಗುಡಿಗಳಿಗೂ ಅದು ಸಾಧ್ಯವೇ?

ಖಂಡಿತ ಒಯ್ಯಬಹುದು. ಆದರೆ ಕಲ್ಲಿನ ಕಟ್ಟಡಕ್ಕೆ ಒಂದು ದಾರಿ, ಇಟ್ಟಿಗೆಯದಕ್ಕೆ ಇನ್ನೊಂದು.

ಟರ್ಕಿಯಲ್ಲಿ ಟೈಗ್ರಿಸ್ ದಂಡೆಯ ಪುರಾತನ ಪಟ್ಟಣ ಹಸನ್‌ಕೇಫ್ ಇಲಿಸು ಅಣೆಕಟ್ಟಿನ ಹಿನ್ನೀರಿಗೆ ಮುಳುಗಿತು. ಅಲ್ಲಿನ 15ನೇ ಶತಮಾನದ ಜೈನೆಲ್ ಬೇ ಸಮಾಧಿ ಇಟ್ಟಿಗೆ ಕಟ್ಟಡ. ಬಿಚ್ಚಿದರೆ ಮೈಮೇಲಿನ ಬಣ್ಣದ ಬಿಲ್ಲೆಗಳೆಲ್ಲ ಪುಡಿ. ಹಾಗಾಗಿ 2017ರ ಮೇ ತಿಂಗಳಲ್ಲಿ, ಸುಮಾರು 1,100 ಟನ್ ತೂಕದ ಅದನ್ನು ಇಡಿಯಾಗಿ ಚಕ್ರದ ವೇದಿಕೆಯ ಮೇಲೆ 2 ಕಿ.ಮೀ. ಸಾಗಿಸಿದರು.

ನಮ್ಮ ಚಾಲುಕ್ಯರ ಗುಡಿಗಳ ಗೋಡೆ, ಕಂಬ, ತೊಲೆಗಳು ಬಹುಮಟ್ಟಿಗೆ ಗಾರೆಯಿಲ್ಲದೆ ಕೂತಿರುವುದರಿಂದ ಬಿಚ್ಚಿ ಜೋಡಿಸಬಹುದು. ಶ್ರೀಶೈಲಂ ಹಿನ್ನೀರಿನಿಂದ ಕೂಡವೆಲ್ಲಿ ಸಂಗಮೇಶ್ವರ ಗುಡಿಯನ್ನು ತೆಲಂಗಾಣದ ಆಲಂಪುರಕ್ಕೆ ತಂದದ್ದು ಹೀಗೆಯೇ. ಮೊದಲು ಅಳತೆ, ನಕ್ಷೆ, ಫೋಟೊ. ಆಮೇಲೆ ಪ್ರತಿ ಕಲ್ಲಿಗೂ ವರಸೆ (ಎಷ್ಟನೇ ಸಾಲು), ದಿಕ್ಕು, ಸಂಖ್ಯೆ. ಹೊರಗೆ ಕಾಣದ ಮುಖದ ಮೇಲೆ, ಮಳೆಗೆ ಅಳಿಯದ ಬಣ್ಣದಲ್ಲಿ. ಶಿಖರದಿಂದ ಕೆಳಕ್ಕೆ ಬಿಚ್ಚಬೇಕು, ಪಾಯದಿಂದ ಮೇಲಕ್ಕೆ ಕಟ್ಟಬೇಕು. ಗದಗ ಸೀಮೆಯ ಅನೇಕ ಗುಡಿಗಳ ಬಳಪದ ಕಲ್ಲು ಮೆದು. ಕಬ್ಬಿಣದ ಸರಪಳಿ ಬಿಗಿದು ಎತ್ತಿದರೆ ಅಂಚಿನ ಕೆತ್ತನೆ ಚಕ್ಕೆ ಏಳುತ್ತದೆ, ಅಗಲ ಬಟ್ಟೆಪಟ್ಟಿಯೇ ಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಪಾಯದಲ್ಲಿ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ಗರಸು ಸಿಗುವವರೆಗೆ ಅಗೆಯದಿದ್ದರೆ ಒಂದು ಮೂಲೆ ಕುಸಿದು ತೊಲೆ ಸೀಳುತ್ತದೆ. ಸಂದಿಗೆ ಸಿಮೆಂಟ್ ತುಂಬುವುದೂ ತಪ್ಪು, ಮುಂದೆ ಯಾರೂ ಬಿಚ್ಚಿ ಸರಿಪಡಿಸಲಾಗದು.

ಜಾಗವೇ ಮುಖ್ಯವಾದಲ್ಲಿ ಮೂರನೆಯ ದಾರಿಯಿದೆ: ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಕದಲಿಸದೆ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ಹೊರಗೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು, ಒಳಗೆ ಮೆಟ್ಟಿಲಿಳಿದು ದರ್ಶನ.