ಮಳಖೇಡದ ಸಂಖ್ಯೆ, ಡೊಂಬಿವಲಿಯ ನಿಲ್ದಾಣ

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ‘ಇತಿಹಾಸದ ಪ್ರಸಿದ್ಧ ಗಣಿತಜ್ಞರು’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಪೈಥಾಗೊರಸ್, ಯೂಕ್ಲಿಡ್, ನ್ಯೂಟನ್, ರಾಮಾನುಜನ್ ಎಂದು ಪಟ್ಟಿ ಮಾಡಿಕೊಂಡವಳು, ‘ಅಜ್ಜ, ನಮ್ಮ ಕಡೆಯವರು ಯಾರೂ ಇಲ್ಲವೇ?’ ಎಂದು ಕೇಳಿದಳು. ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಎಂದೆ. ಅಲ್ಲೇ ಕುಳಿತಿದ್ದ ನೆರೆಮನೆಯ ಮರಾಠಿ ಮಿತ್ರರು, ಅವರು ಚಾಳೀಸಗಾಂವದ ಕಡೆಯವರು ಎಂದು ಪಟ್ಟು ಹಿಡಿದರು. ಯಾರ ಮಾತು ಸರಿ? ಅವಳು ಬೇರೆ ಯಾರ ಬಗ್ಗೆ ಬರೆಯಬಹುದು?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಮೊದಲು ವ್ಯಾಜ್ಯವನ್ನು ಮುಗಿಸೋಣ. ತಮಗೆ ಬೇಸರವಾಗಬಹುದು, ಆದರೆ ಈ ವಿಷಯದಲ್ಲಿ ನೆರೆಮನೆಯವರ ಪಕ್ಷವೇ ಹೆಚ್ಚು ಗಟ್ಟಿಯಾಗಿದೆ. ಭಾಸ್ಕರಾಚಾರ್ಯರು ತಮ್ಮ ಊರನ್ನು ‘ವಿಜ್ಜಡವಿಡ’ ಎಂದು ಹೆಸರಿಸಿ, ಅದು ಸಹ್ಯಾದ್ರಿಯ ಆಶ್ರಯದಲ್ಲಿದೆ ಎಂದು ‘ಸಿದ್ಧಾಂತಶಿರೋಮಣಿ’ಯಲ್ಲಿ ತಾವೇ ಬರೆದಿದ್ದಾರೆ. ಹೆಸರಿನ ಹೋಲಿಕೆಯಿಂದ ಅದನ್ನು ವಿಜಯಪುರವೆಂದು ಎಣಿಸುವ ರೂಢಿ ಬಂತು. ಆದರೆ ಬಯಲುಸೀಮೆಯ ಆ ಊರಿನಲ್ಲಿ ನಿಂತವರಿಗೆ ಸಹ್ಯಾದ್ರಿ ಕಾಣುವುದಿಲ್ಲ. ಇನ್ನೊಂದೆಡೆ, ಚಾಳೀಸಗಾಂವದ ಬಳಿಯ ಪಾಟಣೆ ಎಂಬಲ್ಲಿ ಶಕ 1128ರ ಶಾಸನವೊಂದಿದೆ. ಮುಂಬಯಿಯ ಡಾಕ್ಟರ್ ಭಾವು ದಾಜಿಯವರು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಕಿಗೆ ತಂದ ಈ ಶಾಸನವು ಭಾಸ್ಕರರ ವಂಶಾವಳಿಯನ್ನು ಕೊಟ್ಟು, ಅವರ ಮೊಮ್ಮಗನಾದ ಚಾಂಗದೇವನು ತಾತನ ಗ್ರಂಥಗಳ ಪಾಠ ನಡೆಯಲೆಂದು ಅಲ್ಲಿ ಮಠವನ್ನು ಕಟ್ಟಿಸಿದನೆಂದು ಹೇಳುತ್ತದೆ. ಮೊಮ್ಮಗ ಮಠ ಕಟ್ಟಿಸಿದ ಊರೇ ತಾತ ಹುಟ್ಟಿದ ಊರಾಗಿರಬೇಕೆಂದಿಲ್ಲವಾದ್ದರಿಂದ ವಿದ್ವಾಂಸರ ಚರ್ಚೆ ಪೂರ್ತಿ ಮುಗಿದಿಲ್ಲ. ಮೊಮ್ಮಗಳು ಹುಟ್ಟೂರಿನ ಸಾಲನ್ನು ‘ಸಹ್ಯಾದ್ರಿಯ ತಪ್ಪಲಿನ ವಿಜ್ಜಡವಿಡ’ ಎಂದಷ್ಟೇ ಬರೆದರೆ ಇಬ್ಬರಿಗೂ ಮೋಸವಾಗದು.

ಹುಟ್ಟಿದ ವರ್ಷದ ಬಗ್ಗೆ ಮಾತ್ರ ಜಗಳವಿಲ್ಲ. ‘ರಸ ಗುಣ ಪೂರ್ಣ ಮಹೀ’ ಎಂಬ ಪದಗಳಲ್ಲಿ ಅವರೇ ಅದನ್ನು ಕಟ್ಟಿಟ್ಟಿದ್ದಾರೆ: ರಸ ಆರು, ಗುಣ ಮೂರು, ಪೂರ್ಣ ಸೊನ್ನೆ, ಮಹೀ ಒಂದು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವುದು ಕ್ರಮವಾದ್ದರಿಂದ ಶಕ 1036, ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1114. ಮುಂದಿನ ಸಾಲಿನಲ್ಲಿಯೇ, ‘ರಸ ಗುಣ’ ವರ್ಷದಲ್ಲಿ, ಎಂದರೆ ಮೂವತ್ತಾರನೆಯ ವಯಸ್ಸಿನಲ್ಲಿ, ಗ್ರಂಥವನ್ನು ರಚಿಸಿದೆನೆಂದು ಹೇಳಿದ್ದಾರೆ, ಅದು 1150. ಅವರ ಕೊಡುಗೆ ಎಂದು ಒಂದೇ ಒಂದನ್ನು ಆರಿಸುವುದಾದರೆ ನಾನು ಚಕ್ರವಾಳ ಪದ್ಧತಿಯನ್ನು, ಎಂದರೆ ಒಂದೇ ಬಗೆಯ ಲೆಕ್ಕವನ್ನು ಚಕ್ರದಂತೆ ಮತ್ತೆ ಮತ್ತೆ ಮಾಡಿ ಪೂರ್ಣಸಂಖ್ಯೆಯ ಉತ್ತರವನ್ನು ತಲುಪುವ ದಾರಿಯನ್ನು, ಆರಿಸುತ್ತೇನೆ. ಯಾವ ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೆ ಪೂರ್ಣವರ್ಗವೇ ಸಿಗುತ್ತದೆ? ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಇದನ್ನು ಸವಾಲಾಗಿ ಒಡ್ಡಿದರು. ಇದಕ್ಕೆ ಅತಿ ಚಿಕ್ಕ ಉತ್ತರವೇ 22,61,53,980. ಭಾಸ್ಕರರು ‘ಬೀಜಗಣಿತ’ದಲ್ಲಿ ಐನೂರು ವರ್ಷ ಮೊದಲೇ ಅದನ್ನು ಚಕ್ರವಾಳದಿಂದ ಕೆಲವೇ ಹೆಜ್ಜೆಗಳಲ್ಲಿ ಬಿಡಿಸಿ ತೋರಿಸಿದ್ದರು. ಆದರೆ ಚಕ್ರವಾಳವನ್ನು ಅವರೊಬ್ಬರೇ ಕಂಡುಹಿಡಿದರು ಎಂದು ಬರೆಯಬಾರದು. ಬ್ರಹ್ಮಗುಪ್ತರು ಹಾಕಿದ ಅಡಿಪಾಯದ ಮೇಲೆ ಜಯದೇವ ಎಂಬವರು ಭಾಸ್ಕರರಿಗಿಂತ ಮೊದಲೇ ಆ ದಾರಿಯನ್ನು ತೋರಿದ್ದರು.

ಇನ್ನು ‘ನಮ್ಮ ಕಡೆಯವರು’ ಎಂಬ ಪ್ರಶ್ನೆ. ವಿಜಯಪುರವನ್ನು ಬಿಟ್ಟುಕೊಟ್ಟೆನೆಂದು ತಾವು ಮರುಗಬೇಕಾಗಿಲ್ಲ, ನಮಗೆ ಮಹಾವೀರಾಚಾರ್ಯರಿದ್ದಾರೆ. ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ, ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥದ ಕಾಲ ಸುಮಾರು 850. ಅಲ್ಲಿಯವರೆಗೆ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದೆರಡು ಅಧ್ಯಾಯಗಳಲ್ಲಿ ಬಾಡಿಗೆಗೆ ಇರುತ್ತಿತ್ತು. ಮಹಾವೀರರು ಗ್ರಹಗತಿಯನ್ನು ಬದಿಗಿಟ್ಟು, ಗಣಿತಕ್ಕೆಂದೇ ಸ್ವಂತ ಮನೆ ಕಟ್ಟಿಕೊಟ್ಟರು. ಸಂಗೀತ, ನಾಟಕ, ವೈದ್ಯ, ವಾಸ್ತು, ಕಡೆಗೆ ಅಡುಗೆಯಲ್ಲಿಯೂ ಗಣಿತವಿಲ್ಲದೆ ನಡೆಯದು ಎಂದು ಅವರು ಪಟ್ಟಿ ಕೊಡುತ್ತಾರೆ.

ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ನುಡಿದಿದ್ದಾರೆ. ಒಂದನ್ನು ಬೇರೆ ಬೇರೆ ಏಕಾಂಶ ಭಿನ್ನರಾಶಿಗಳ ಮೊತ್ತವಾಗಿ ಒಡೆಯಲು ಅವರು ಕೊಟ್ಟ ಉಪಾಯವನ್ನು ಮೊಮ್ಮಗಳು ಕೈಯಾರೆ ಮಾಡಿ ನೋಡಬಹುದು. ಒಂದರಿಂದ ಆರಂಭಿಸಿ ಮೂರು ಮೂರರಿಂದ ಗುಣಿಸುತ್ತಾ 1, 3, 9, 27 ಎಂದು ಬರೆಯಬೇಕು. ಮೊದಲನೆಯದನ್ನು ಎರಡರಿಂದ, ಕೊನೆಯದನ್ನು ಮೂರನೆಯ ಎರಡರಿಂದ ಗುಣಿಸಬೇಕು. ಆಗ 2, 3, 9, 18 ಎಂಬ ಛೇದಗಳು ಸಿಗುತ್ತವೆ. ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಇವುಗಳನ್ನು ಕೂಡಿದರೆ ಸರಿಯಾಗಿ ಒಂದು. ಅವರು ತಪ್ಪಿದ್ದೂ ಉಂಟು: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದುಬಿಟ್ಟರು. ಇದನ್ನು ಪ್ರಾಜೆಕ್ಟಿನಲ್ಲಿ ಮುಚ್ಚಿಡಬಾರದೆಂಬುದು ನನ್ನ ಅಭಿಪ್ರಾಯ. ಸೊನ್ನೆಯ ಭಾಗಾಕಾರ ಎಷ್ಟು ಜಾರುವ ನೆಲ ಎಂಬುದು ಇಷ್ಟು ದೊಡ್ಡವರು ಎಡವಿದ್ದರಿಂದಲೇ ಗೊತ್ತಾಗುತ್ತದೆ.

ತಮ್ಮ ಊರಿಗೆ ನೇರ ಸಂಬಂಧಿಸಿದ ಸಂಗತಿ ಇನ್ನು ಮುಂದಿದೆ. ಗುಣಾಕಾರದ ಪ್ರಕರಣದಲ್ಲಿ ಮಹಾವೀರರು ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವ ಗುಣಲಬ್ಧಗಳನ್ನು ಪೋಣಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಇದರ ಗುಟ್ಟೇನೆಂದರೆ 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, ಮತ್ತು 21ನ್ನು 5291ರಿಂದ ಗುಣಿಸಿದರೆ 111111. ಎಂದರೆ ಮಹಾವೀರರ ಆ ಹಾರವು ಆರು ಒಂದುಗಳ ವರ್ಗವೇ ಆಗಿದೆ.

ಈಗ ಸಾವಿರ ವರ್ಷಕ್ಕೂ ಮುಂದೆ ಬರೋಣ. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಶಾಲೆ ಕಲಿತು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು 1930ರಿಂದ 1962ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದರು. 1, 121, 12321, 1234321 ಹೀಗೆ ಏರಿ ಇಳಿಯುವ ಸಂಖ್ಯೆಗಳ ಬಗೆಯನ್ನು ಅಭ್ಯಸಿಸುವ ವಿಚಾರ ಅವರಿಗೆ ಹೊಳೆದದ್ದು ಅಂದಿನ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ‘ಡೆಮ್ಲೊ’ ಎಂಬ ನಿಲ್ದಾಣದಲ್ಲಿ; ಆದ್ದರಿಂದ ಅವುಗಳಿಗೆ ‘ಡೆಮ್ಲೊ ಸಂಖ್ಯೆ’ ಎಂದೇ ಹೆಸರಿಟ್ಟರು. ಡೆಮ್ಲೊ ಎಂದರೆ ತಮ್ಮ ಡೊಂಬಿವಲಿ. ಮಹಾವೀರರ 12345654321 ಈ ಸಾಲಿನ ಆರನೆಯ ಮಣಿ. ಒಬ್ಬರಿಂದ ಇನ್ನೊಬ್ಬರು ಎತ್ತಿಕೊಂಡರೆಂದು ಹೇಳಲು ನಾನು ಹೊರಟಿಲ್ಲ. ಮಾನ್ಯಖೇಟದ ಆಸ್ಥಾನದವರಿಗೂ ಲೋಕಲ್ ಹಾದಿಯ ಮಾಸ್ತರರಿಗೂ ಒಂದೇ ಹಾರ ಇಷ್ಟವಾಯಿತು ಎಂಬುದಷ್ಟೇ ನನಗೆ ಸೋಜಿಗ.

ಕಾಪ್ರೇಕರ್ ಅವರಿಗೆ ಹೆಸರು ತಂದದ್ದು 6174. ನಾಲ್ಕೂ ಅಂಕಿಗಳು ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯಲ್ಲಿಯೂ ಏರಿಕೆಯಲ್ಲಿಯೂ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋದರೆ ಏಳು ಹೆಜ್ಜೆ ಮೀರುವುದರೊಳಗೆ 6174ಕ್ಕೆ ಬಂದು ನಿಲ್ಲಲೇಬೇಕು. ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದ 1853ನ್ನೇ ತೆಗೆದುಕೊಳ್ಳಿ: 8531ರಲ್ಲಿ 1358 ಕಳೆದರೆ 7173, 7731ರಲ್ಲಿ 1377 ಕಳೆದರೆ 6354, 6543ರಲ್ಲಿ 3456 ಕಳೆದರೆ 3087, 8730ರಲ್ಲಿ 0378 ಕಳೆದರೆ 8352, 8532ರಲ್ಲಿ 2358 ಕಳೆದರೆ 6174. ಸೊನ್ನೆಯನ್ನೂ ಒಂದು ಅಂಕಿಯೆಂದೇ ಉಳಿಸಿಕೊಳ್ಳಬೇಕು, ಮಕ್ಕಳು ಎಡವುವುದು ಅಲ್ಲಿಯೇ. ಮುಂಬಯಿಯ ಕೋಟೆ ಭಾಗದ ಕನ್ನಡ ರಾತ್ರಿಶಾಲೆಯೊಂದರಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದಾಗ, ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ ಬಂದ ಹುಡುಗರು ತೂಕಡಿಸತೊಡಗಿದರೆ ಕರಿಹಲಗೆಯ ಮೇಲೆ ಇದೊಂದನ್ನು ಬರೆಯುತ್ತಿದ್ದೆ. ಜೇಬಿನಲ್ಲಿದ್ದ ಬಸ್ ಟಿಕೆಟಿನ ಕೊನೆಯ ನಾಲ್ಕು ಅಂಕಿಗಳನ್ನು ಹಿಡಿದು, ಯಾರದು ಮೊದಲು ಮುಟ್ಟುತ್ತದೆಂದು ಪೈಪೋಟಿಗಿಳಿಯುತ್ತಿದ್ದರು.

ಇಂಥವನ್ನು ಬರಿಯ ಆಟವೆಂದು ತಳ್ಳಿಹಾಕಿದ ಪಂಡಿತರು ಆಗ ಇದ್ದರು. 1975ರಲ್ಲಿ ಮಾರ್ಟಿನ್ ಗಾರ್ಡ್‌ನರ್ ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಾಪ್ರೇಕರ್ ಅವರ ಬಗ್ಗೆ ಬರೆದ ಮೇಲೆ ಹೊರದೇಶಗಳಲ್ಲಿ ಅವರ ಹೆಸರು ಹರಡಿತು. ಅವರು ತೀರಿಕೊಂಡದ್ದು 1986ರಲ್ಲಿ.

ಇನ್ನಿಬ್ಬರನ್ನು ಹೆಸರಿಸಿಯೇ ಬಿಡುತ್ತೇನೆ. ಕನ್ನಡದಲ್ಲಿಯೇ ಗಣಿತ ಬರೆದವರು ಬೇಕೆಂದರೆ 12ನೆಯ ಶತಮಾನದ ರಾಜಾದಿತ್ಯರಿದ್ದಾರೆ. ಅವರ ‘ವ್ಯವಹಾರಗಣಿತ’ದ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ಕರಾವಳಿಯ ಕಡೆಗೆ ನೋಡಿದರೆ, 1907ರಲ್ಲಿ ಗೋವೆಯಲ್ಲಿ ಹುಟ್ಟಿ, ಫರ್ಗ್ಯುಸನ್ ಕಾಲೇಜಿನಲ್ಲಿಯೂ ಬಳಿಕ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಇದ್ದ ದಾಮೋದರ ಧರ್ಮಾನಂದ ಕೋಸಂಬಿ. ಅವರನ್ನು ಇತಿಹಾಸಕಾರರೆಂದು ಮಾತ್ರ ಬಲ್ಲವರು ಬಹಳ. ವಂಶವಾಹಿಗಳ ನಡುವಣ ದೂರವನ್ನು ಲೆಕ್ಕಹಾಕಲು 1944ರಲ್ಲಿ ಅವರು ಕೊಟ್ಟ ಸೂತ್ರವನ್ನು ತಳಿವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ. ಎಂಟನೆಯ ತರಗತಿಗೆ ಅದು ಭಾರವಾದೀತು.

ಆದ್ದರಿಂದ ಚಾರ್ಟಿನ ನಡುವೆ 12345654321ನ್ನು ದೊಡ್ಡದಾಗಿ ಬರೆದು, ಒಂದು ಬದಿಗೆ ಮಳಖೇಡ, ಇನ್ನೊಂದು ಬದಿಗೆ ಡೊಂಬಿವಲಿ ಇಡಲು ಹೇಳಿ. ಕೆಳಗೆ 111111ನ್ನು 111111ರಿಂದ ಕ್ಯಾಲ್ಕುಲೇಟರ್ ಮುಟ್ಟದೆ ಗುಣಿಸಲಿ. ಒಂದೊಂದು ಮನೆ ಸರಿಸಿ ಬರೆದ ಆರು ಸಾಲುಗಳನ್ನು ಕೂಡುವಾಗ ಅಂಕಿಗಳು ಏಕೆ ಏರಿ ಇಳಿಯುತ್ತವೆಂಬುದು ಅವಳಿಗೇ ಕಾಣುತ್ತದೆ. ಟೀಚರ್ ‘ಹೀಗೇ ಎಲ್ಲಿಯವರೆಗೆ?’ ಎಂದು ಕೇಳಿಯಾರು. ಒಂಬತ್ತು ಒಂದುಗಳವರೆಗೆ ಹಾರ ಗಟ್ಟಿಯಾಗಿರುತ್ತದೆ. ಹತ್ತನೆಯ ಒಂದು ಸೇರಿದೊಡನೆ ನಡುವಿನ ಮನೆಯಲ್ಲಿ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ಹೋಗಿ, 1234567900987654321 ಎಂದು ಅಂದ ಕೆಡುತ್ತದೆ.