ಓದುಗರ ಪ್ರಶ್ನೆ: ಚಿತ್ತಾ–ಸ್ವಾತಿ ಮಳೆಯ ಬಿಡುವಿನಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯೋಣ?

ದಸರಾ ರಜೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಂದಲೇ ಬಂದಿವೆ. ಮಳೆ ಪೂರ್ತಿ ಹೋಗಿಲ್ಲ, ಚಳಿ ಇನ್ನೂ ಹಿಡಿದಿಲ್ಲ, ಗದ್ದೆ ಹಸಿರಾಗಿದೆ, ಹೊಳೆ ತುಂಬಿದೆ. ಹೊರಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಎಚ್ಚರ ತಪ್ಪಬಾರದ ಕಾಲವೂ ಇದೇ.

ಪ್ರಶ್ನೆ: ನಮ್ಮ ಮಗಳಿಗೆ ಮೂರು ವರ್ಷ. ಒಂದೇ ದಿನದಲ್ಲಿ ಸಕ್ರೆಬೈಲು, ಮಂಡಗದ್ದೆ, ಕುಪ್ಪಳಿ ಮುಗಿಸಿ ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ ಬರೋಣ ಎಂದು ನಮ್ಮವರ ಲೆಕ್ಕ. ಎಲ್ಲವೂ ಒಂದೇ ದಾರಿಯಲ್ಲಿವೆಯಲ್ಲ? (ತಾಯಿ, ಶಿವಮೊಗ್ಗ)

ತೀರ್ಥಹಳ್ಳಿಯವರೆಗೆ ದಾರಿ ಒಂದೇ, ನಿಜ; ಅಲ್ಲಿಂದ ಕುಪ್ಪಳಿಗೆ ಕೊಪ್ಪದ ದಾರಿ, ಆಗುಂಬೆಗೆ ಬೇರೆ ದಾರಿ. ಆದರೆ ಮೂರು ವರ್ಷದ ಮಗುವಿಗೆ ಆ ದಿನ ನೆನಪಿನಲ್ಲಿ ಉಳಿಯುವುದು ಕಾರಿನ ಸೀಟು ಮಾತ್ರ. ಆಗುಂಬೆಗೆ ಹೋಗಿಬರುವುದಕ್ಕೇ ಹತ್ತಿರ ಹತ್ತಿರ 180 ಕಿ.ಮೀ. ಆಗುತ್ತದೆ. ಅಕ್ಟೋಬರ್ ಕೊನೆಗೆ ಸೂರ್ಯ ಮುಳುಗುವುದು ಆರರ ಆಸುಪಾಸು. ಅಲ್ಲಿಂದ ಕತ್ತಲಲ್ಲಿ, ಮಂಜಿನಲ್ಲಿ, ಹಸಿದು ನಿದ್ದೆಗೆಟ್ಟ ಮಗುವನ್ನು ಮಡಿಲಲ್ಲಿಟ್ಟುಕೊಂಡು ಎರಡು ಗಂಟೆಗೂ ಮೀರಿ ಬರಬೇಕು. ಅಷ್ಟು ಮಾಡಿದರೂ ಆ ತಿಂಗಳಲ್ಲಿ ಪಡುವಣದ ಮೋಡ ಸರಿದು ಸೂರ್ಯ ಕಂಡಾನು ಎಂಬ ಭರವಸೆಯಿಲ್ಲ.

ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ, ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಊಟ ಮತ್ತು ನಿದ್ದೆಯ ಹೊತ್ತಿಗೆ ಮನೆಯಲ್ಲಿರಿ. ಇದು ಮಗುವಿನ ಅನುಕೂಲಕ್ಕಷ್ಟೇ ಹೇಳುವ ಮಾತಲ್ಲ. ಚಿತ್ತಾ ಮಳೆಯ ಗುಣವೇ ಹಾಗೆ. ಬೆಳಗಿನ ಬಿಸಿಲಿಗೆ ನೆಲದ ತೇವ ಆವಿಯಾಗಿ ಮೇಲೇರಿ, ಮೂರರ ಹೊತ್ತಿಗೆ ಮೋಡ ಕಟ್ಟಿ, ಗುಡುಗು ಸಿಡಿಲಿನ ಜೊತೆ ಸುರಿಯುತ್ತದೆ. ಹೊರಗೆ ಸಿಕ್ಕಿಬಿದ್ದರೆ ಮರದಡಿ ನಿಲ್ಲಬೇಡಿ. ಕಾರಿನೊಳಗೆ ಕೂತು ಕಿಟಕಿ ಏರಿಸಿ. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಇಳಿಯಬೇಡಿ.

ಮೊದಲ ದಿನಕ್ಕೆ ಸಕ್ರೆಬೈಲಿನ ಆನೆ ಬಿಡಾರ ಸಾಕು. ಊರಿನಿಂದ 14 ಕಿ.ಮೀ. ಆನೆಗಳು ಗಾಜನೂರು ಹಿನ್ನೀರಿಗೆ ಮೀಯಲು ಇಳಿಯುವುದು ಬೆಳಿಗ್ಗೆ. ಎಂಟೂವರೆಗೆ ಅಲ್ಲಿರಿ. ಹನ್ನೊಂದರ ನಂತರ ಹೋದರೆ ಆನೆಗಳು ಕಾಡಿಗೆ ಹೊರಟಿರುತ್ತವೆ, ಮಗು ಖಾಲಿ ದಡ ನೋಡಿ ಬರಬೇಕಾಗುತ್ತದೆ. ನೀರಿಗಿಳಿದ ಆನೆ ಪಕ್ಕೆಗೆ ಒರಗಿ ಮಲಗುತ್ತದೆ. ಮಾವುತ ಕಿವಿಯ ಹಿಂದೆ ತಿಕ್ಕುವಾಗ ಮೈಯೆಲ್ಲ ಮುಳುಗಿ ಸೊಂಡಿಲ ತುದಿ ಮಾತ್ರ ನೀರಿನ ಮೇಲೆ ಉಳಿದು ಬುಸ್ಸೆಂದು ಉಸಿರು ಬಿಡುತ್ತದೆ. ಮಗುವಿಗೆ ತೋರಿಸಬೇಕಾದದ್ದು ಅದು. ಎಷ್ಟು ಹೊತ್ತು ಬೇಕಾದರೂ ನೋಡಲಿ, ‘ಸಾಕು ಬಾ’ ಎಂದು ಎಳೆಯಬೇಡಿ. ಮರಿಯಾನೆ ಮುದ್ದಾಗಿ ಕಂಡರೂ ಮಗುವನ್ನು ಅದರ ಬಳಿ ಬಿಡಬಾರದು. ಆಟಕ್ಕೆ ನೂಕಿದರೂ ದೊಡ್ಡವರೇ ಉರುಳುತ್ತಾರೆ, ತಾಯಾನೆ ಪಕ್ಕದಲ್ಲೇ ಇರುತ್ತದೆ. ದಡದ ಕೆಸರು ಜಾರುವುದರಿಂದ ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು.

ಮಂಡಗದ್ದೆಯನ್ನು ಇನ್ನೊಂದು ದಿನಕ್ಕಿಡಿ, ಆದರೆ ತಡ ಮಾಡಬೇಡಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಅಕ್ಟೋಬರ್ ಕಳೆದರೆ ಮರಿಗಳು ಹಾರಿಹೋಗಿ ಗೂಡು ಬರಿದಾಗುತ್ತವೆ. ಬೈನಾಕ್ಯುಲರ್ ಕೊಟ್ಟರೂ ಮಗು ‘ಏನೂ ಕಾಣ್ತಿಲ್ಲ’ ಎನ್ನುತ್ತದೆ, ಅದಕ್ಕೆ ಬೈಯಬೇಡಿ. ಚಿಕ್ಕ ಮಕ್ಕಳ ಕಣ್ಣುಗಳ ನಡುವಿನ ಅಂತರ ಕಡಿಮೆ. ದೊಡ್ಡವರ ಬೈನಾಕ್ಯುಲರನ್ನು ಎಷ್ಟು ಮಡಿಸಿದರೂ ಅದಕ್ಕೆ ಹೊಂದುವುದಿಲ್ಲ. ಒಂದೇ ಕೊಳವೆಯಲ್ಲಿ ಒಂದು ಕಣ್ಣಿಟ್ಟು ನೋಡಲು ಕಲಿಸಿ, ತಕ್ಷಣ ಕಾಣುತ್ತದೆ. ಜಾಗ ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ಕಾರಿನಿಂದ ಇಳಿಸುವಾಗ ಹೊಳೆಯ ಕಡೆಯ ಬಾಗಿಲಿನಿಂದಲೇ ಇಳಿಸಿ.

ಪ್ರಶ್ನೆ: ಹೊಸನಗರ ಕಡೆಯ ಅಜ್ಜಿ ಮನೆಗೆ ಹೋಗುತ್ತಿದ್ದೇವೆ. ನಾಲ್ಕು ವರ್ಷದ ಮಗ ತೋಟ, ಹಕ್ಕಲು (ಕುರುಚಲು ಕಾಡು) ಎಲ್ಲಾ ಸುತ್ತಬೇಕೆನ್ನುತ್ತಾನೆ. ಉಂಬಳದ (ಜಿಗಣೆಯ) ಭಯ. ಹೊಗೆಸೊಪ್ಪಿನ ನೀರು ಹಚ್ಚಿದರೆ ಹತ್ತುವುದಿಲ್ಲವಂತೆ, ಮಗುವಿಗೆ ಹಚ್ಚಬಹುದೇ? ಮಂಗನ ಕಾಯಿಲೆಯೂ ಉಂಬಳದಿಂದಲೇ ಬರುತ್ತದೆಯೇ? (ತಂದೆ, ಭದ್ರಾವತಿ)

ಹೊಗೆಸೊಪ್ಪಿನ ನೀರು ಮಗುವಿಗೆ ಬೇಡವೇ ಬೇಡ. ಅದರ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ವಾಂತಿ, ತಲೆಸುತ್ತು ತರುತ್ತದೆ. ಮಕ್ಕಳ ಚರ್ಮ ತೆಳು, ಮೈ ತೂಕ ಕಡಿಮೆ. ದೊಡ್ಡವರಿಗೆ ಏನೂ ಆಗದಷ್ಟು ಪ್ರಮಾಣವೂ ಅವರಿಗೆ ಹೆಚ್ಚಾಗಬಹುದು.

ತಿಳಿಬಣ್ಣದ ಉದ್ದ ಪ್ಯಾಂಟ್ ಹಾಕಿ, ಅದರ ಅಂಚನ್ನು ಒತ್ತಾಗಿ ನೇಯ್ದ ಉದ್ದ ಕಾಲುಚೀಲದೊಳಗೆ ಸೇರಿಸಿ. ಸಡಿಲ ನೇಯ್ಗೆಯ ಶಾಲೆಯ ಕಾಲುಚೀಲದ ಎಳೆಗಳ ನಡುವೆಯೇ ಉಂಬಳ ನುಸುಳುತ್ತದೆ. ಒಂದು ಹಿಡಿ ಕಲ್ಲುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಒದ್ದೆ ಮಾಡಿ, ಕೋಲಿನ ತುದಿಗೆ ಬಿಗಿದು ಕೈಯಲ್ಲಿ ಹಿಡಿದುಕೊಳ್ಳಿ. ಬೂಟಿನ ಮೇಲೆ ಹತ್ತಿದ್ದಕ್ಕೆ ಮುಟ್ಟಿಸಿದರೆ ಉದುರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬಿಸಿಲು ಬಿದ್ದ ಒಣ ಜಾಗದಲ್ಲಿ ನಿಂತು ಕಾಲು ನೋಡಿ. ತರಗೆಲೆಯ ಮೇಲೆ, ಅಡಿಕೆ ತೋಟದ ಕಪ್ಪಿನ (ಬಸಿಗಾಲುವೆಯ) ಪಕ್ಕ ನಿಲ್ಲಬೇಡಿ. ನಿಂತ ಕಾಲಿನ ಬಿಸಿಗೆ, ಹೆಜ್ಜೆಯ ಅದುರಿಗೆ ಅವು ಹುಡುಕಿಕೊಂಡು ಬರುತ್ತವೆ.

ಚರ್ಮಕ್ಕೆ ಕಚ್ಚಿದ್ದರೆ ಕೀಳಬೇಡಿ. ಉಪ್ಪು, ಸುಣ್ಣ, ಬೆಂಕಿಕಡ್ಡಿಯನ್ನೂ ಗಾಯದ ಮೇಲೆ ಪ್ರಯೋಗಿಸಬೇಡಿ, ಉಂಬಳ ಕುಡಿದದ್ದನ್ನು ಗಾಯದೊಳಕ್ಕೇ ಕಕ್ಕಬಹುದು. ಸಣ್ಣಗಿರುವ ತುದಿ ಬಾಯಿ. ಆ ತುದಿಯ ಪಕ್ಕ ಚರ್ಮಕ್ಕೆ ಸಮವಾಗಿ ಉಗುರಿಟ್ಟು ಅಡ್ಡಕ್ಕೆ ಜಾರಿಸಿದರೆ ಹಿಡಿತ ಬಿಡುತ್ತದೆ. ಬಳಿಕ ದಪ್ಪ ತುದಿಯನ್ನೂ ಹಾಗೇ ಬಿಡಿಸಿ. ಸೋಪಿನಿಂದ ತೊಳೆದು ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಅದು ಬಿಟ್ಟ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಕೆಲವು ಗಂಟೆ ಜಿನುಗುತ್ತಲೇ ಇರಬಹುದು. ಗಾಬರಿ ಬೇಡ, ನಿಮ್ಮ ಮುಖ ನೋಡಿಯೇ ಮಗು ಅಳುವುದು. ಮೂಗು ಅಥವಾ ಕಣ್ಣಿಗೆ ಹೊಕ್ಕಿದ್ದರೆ ಮಾತ್ರ ನೇರ ಆಸ್ಪತ್ರೆಗೆ ಹೋಗಿ. ಮರುದಿನ ತುರಿಸುತ್ತದೆ, ರಾತ್ರಿಯೇ ಉಗುರು ಕತ್ತರಿಸಿಡಿ.

ಮಂಗನ ಕಾಯಿಲೆ ಬರುವುದು ಉಂಬಳದಿಂದಲ್ಲ, ಉಣುಗಿನಿಂದ (ಉಣ್ಣೆ ಹುಳದಿಂದ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರವಿದು. ಮಳೆ ನಿಂತು ಕಾಡು ಒಣಗುತ್ತಿದ್ದಂತೆ ಸಾಸಿವೆಗಿಂತ ಸಣ್ಣ ಮರಿ ಉಣುಗು ಹೆಚ್ಚಾಗುತ್ತದೆ. ನವೆಂಬರ್–ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಕಾಯಿಲೆಯ ಕಾಲ. ಆದ್ದರಿಂದ ಹಕ್ಕಲು ಸುತ್ತುವುದಿದ್ದರೆ ದೀಪಾವಳಿಗೆ ಮೊದಲೇ ಸುತ್ತಿ ಬನ್ನಿ. ನಂತರವಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಮಗುವಿಗೆ ಸ್ನಾನ ಮಾಡಿಸುತ್ತ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡ ನೋಡಿ. ಉಣುಗು ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ತಿರುಚದೆ ನೇರ ಎಳೆಯಬೇಕು. ಹೊಸಕಬಾರದು. ಮುಂದಿನ ಎರಡು ವಾರದಲ್ಲಿ ಜ್ವರ, ತಲೆನೋವು ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆವು’ ಎಂದು ಮೊದಲೇ ಹೇಳಿ.

ಪ್ರಶ್ನೆ: ತೀರ್ಥಹಳ್ಳಿ ದಾರಿಯ ತಿರುವುಗಳಲ್ಲಿ ಐದು ವರ್ಷದ ಮಗಳು ಪ್ರತಿ ಸಲವೂ ವಾಂತಿ ಮಾಡುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಕರೆದೊಯ್ದರೂ ಅಷ್ಟೇ. (ಶಿಕಾರಿಪುರ)

ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ಒಂದು ಗಂಟೆ ಮೊದಲು ಒಂದು ಇಡ್ಲಿಯೋ ಸಣ್ಣ ರೊಟ್ಟಿಯೋ ಕೊಡಿ, ಹಾಲು ಮತ್ತು ಎಣ್ಣೆ ತಿಂಡಿ ಬೇಡ. ಕಿವಿಯೊಳಗಿನ ಸಮತೋಲದ ಅಂಗ ‘ತಿರುಗುತ್ತಿದ್ದೇವೆ’ ಎನ್ನುವಾಗ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಆ ಜಗಳವೇ ವಾಂತಿ. ಆದ್ದರಿಂದ ಮಗಳ ಸೀಟು ಮುಂದಿನ ಗಾಜಿನಾಚೆಯ ರಸ್ತೆ ಕಾಣುವಷ್ಟು ಎತ್ತರವಿರಲಿ. ಮೊಬೈಲ್, ಚಿತ್ರದ ಪುಸ್ತಕ ಎರಡನ್ನೂ ತೆಗೆದಿಡಿ. ಕಿಟಕಿ ಸ್ವಲ್ಪ ತೆರೆದು, ಕಾರಿನ ಸುಗಂಧದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮುಕ್ಕಾಲು ಗಂಟೆಗೊಮ್ಮೆ ಇಳಿಸಿ ನಡೆಸಿ. ಆಕಳಿಕೆ, ಬಿಳಿಚಿದ ಮುಖ, ಇದ್ದಕ್ಕಿದ್ದಂತೆ ಮೌನ, ಇಷ್ಟು ಕಂಡ ಕೂಡಲೇ ನಿಲ್ಲಿಸಿದರೆ ಬಹಳ ಸಲ ವಾಂತಿಯೇ ತಪ್ಪುತ್ತದೆ.

ಮಾತ್ರೆ ಬೇಕೆನಿಸಿದರೆ ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಎರಡು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಅದೇ ಔಷಧವನ್ನು ಅವರಿಗೆ ಕೊಡಬಾರದು. ಪ್ರೊಮೆಥಜಿನ್ ಇರುವ ಔಷಧ ಆ ವಯಸ್ಸಿನಲ್ಲಿ ಉಸಿರಾಟಕ್ಕೇ ಅಪಾಯ. ವಾಂತಿ ಹೆಚ್ಚಾದರೆ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಕಲಸಿ, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕುಡಿಸಿ. ಲೋಟಕ್ಕೆ ಚಿಟಿಕೆ ಹಾಕಿ ಅಂದಾಜಿಗೆ ಕಲಸಿದರೆ ಉಪ್ಪಿನ ಹದ ತಪ್ಪುತ್ತದೆ.

ಪ್ರಶ್ನೆ: ಎರಡು ವರ್ಷದ ಮಗುವನ್ನು ಬೈಕಿನಲ್ಲಿ ತ್ಯಾವರೆಕೊಪ್ಪದ ಹುಲಿ–ಸಿಂಹ ಸಫಾರಿಗೆ ಕರೆದೊಯ್ಯಬಹುದೇ? (ಶಿವಮೊಗ್ಗ)

ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವುದಾದರೆ ಖಂಡಿತ ಬೇಡ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರನ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ದಾಟಿದವರಿಗೆ ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿ.ಮೀ. ಮೀರದ ವೇಗ: ಕೇಂದ್ರದ ನಿಯಮ 2022ರಲ್ಲೇ ಇಷ್ಟು ಹೇಳಿದೆ. ಸಾಗರ ರಸ್ತೆಯಲ್ಲಿ ಬಸ್ಸು, ಲಾರಿಗಳ ಭರಾಟೆ ಹೆಚ್ಚು. ಬಸ್ಸಿನಲ್ಲೋ ಆಟೊದಲ್ಲೋ ಹೋಗುವುದೇ ಮೇಲು. ಮಂಗಳವಾರ ಸಫಾರಿಗೆ ರಜೆ.

ಪ್ರಶ್ನೆ: ಜೋಗಕ್ಕೆ ಚಿಕ್ಕ ಮಕ್ಕಳನ್ನು ಕರೆದೊಯ್ದು ಮೆಟ್ಟಿಲಿಳಿಸಬಹುದೇ? (ದಾವಣಗೆರೆ)

ಜೋಗಕ್ಕೆ ಹೌದು, ಮೆಟ್ಟಿಲಿಗೆ ಬೇಡ. ಸುಮಾರು 1,400 ಮೆಟ್ಟಿಲುಗಳು, ಪಾಚಿ ಕಟ್ಟಿದವು. ಇಳಿಯುವಾಗ ಮಗು ನಗುತ್ತ ಇಳಿಯುತ್ತದೆ, ಹತ್ತುವಾಗ ನಿಮ್ಮ ಹೆಗಲ ಮೇಲಿರುತ್ತದೆ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ಮೇಲಿನಿಂದಲೇ ತೋರಿಸಿ. ಮಂಜು ಮುಚ್ಚಿದ್ದರೆ ಕೂಡಲೇ ವಾಪಸ್ ಹೊರಡಬೇಡಿ. ಗಾಳಿ ಬೀಸಿದಾಗ ರಾಜ, ರಾಣಿ, ರೋರರ್, ರಾಕೆಟ್ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ಅದನ್ನು ಕಾಯುವುದೇ ಮಕ್ಕಳಿಗೆ ಆಟ. ದಾವಣಗೆರೆಯಿಂದ ಒಂದೇ ದಿನದಲ್ಲಿ ಹೋಗಿಬರುವ ಸಾಹಸ ಬೇಡ. ಸಾಗರದಲ್ಲಿ ಉಳಿದುಕೊಳ್ಳಿ. ಮರುದಿನ ಬೆಳಿಗ್ಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಅಂಗಳದಲ್ಲಿ ಓಡಾಡಲು ಬಿಡಿ, ನಂದಿ ಮಂಟಪದ ಸುತ್ತ ಎಷ್ಟು ಸುತ್ತು ಹಾಕಿದರೂ ದಣಿಯುವುದಿಲ್ಲ.

ಪ್ರಶ್ನೆ: ಬುತ್ತಿಗೆ ಏನು ಕಟ್ಟಲಿ? ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗಿಬಿಡುತ್ತದೆ. (ಸಾಗರ)

ಮೊಸರಲ್ಲಿ ಕಲಸುವುದರಿಂದಲೇ ಹುಳಿಯಾಗುವುದು. ಒಂದು ಲೋಟ ಅಕ್ಕಿಯನ್ನು ನಾಲ್ಕು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಮಸೆಯಿರಿ. ಕೈಗೆ ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಎರಡು ಲೋಟ ಹಾಲು, ಒಂದು ದೊಡ್ಡ ಚಮಚ ಮೊಸರು, ಸ್ವಲ್ಪ ಉಪ್ಪು ಹಾಕಿ. ಬೆಳಿಗ್ಗೆ ಆರಕ್ಕೆ ಕಲಸಿದ್ದು ಹನ್ನೆರಡಕ್ಕೆ ಹದವಾಗಿ ಹೆಪ್ಪಾಗಿರುತ್ತದೆ. ಅನ್ನ ಸುಡುವಾಗ ಕಲಸಿದರೆ ಹೆಪ್ಪೇ ಆಗುವುದಿಲ್ಲ. ಹಲಸಿನ ಎಲೆಯ ಕೊಟ್ಟೆ ಕಡುಬೂ ಒಳ್ಳೆಯದು. ಅದರ ಜೊತೆ ಕಾಯಿಚಟ್ನಿ ಬೇಡ, ಚಟ್ನಿಪುಡಿ ತುಪ್ಪ ಸಾಕು. ಚಿತ್ರಾನ್ನ ಕಟ್ಟುವುದಾದರೆ ಮಕ್ಕಳ ಪಾಲಿನಿಂದ ಶೇಂಗಾ ಆರಿಸಿ ತೆಗೆಯಿರಿ. ಐದು ವರ್ಷದೊಳಗಿನವರು ಓಡುತ್ತ ತಿಂದರೆ ಇಡೀ ಕಾಳು ಶ್ವಾಸನಾಳಕ್ಕೆ ಇಳಿಯುತ್ತದೆ.

ಪ್ರಶ್ನೆ: ಕಾರಿಲ್ಲ, ಖರ್ಚು ಮಾಡುವ ಶಕ್ತಿಯೂ ಇಲ್ಲ. ತವರಿನಲ್ಲಿ ಒಂದೂವರೆ ಎಕರೆ ಗದ್ದೆಯಿದೆ. ಐದು ವರ್ಷದ ಮಗಳಿಗೆ ಏನು ತೋರಿಸಲಿ? (ಸೊರಬ ತಾಲ್ಲೂಕು)

ಈ ಸಲದ ಪತ್ರಗಳಲ್ಲಿ ಎಲ್ಲರಿಗಿಂತ ಒಳ್ಳೆಯ ಜಾಗ ಇರುವುದು ನಿಮಗೆ. ಆಶ್ವಯುಜದ ಹುಣ್ಣಿಮೆಗೆ, ಅಂದರೆ ಭೂಮಿತಾಯಿಗೆ ಬಯಕೆಯೂಟ ಬಡಿಸುವ ಭೂಮಿ ಹುಣ್ಣಿಮೆಗೆ, ತವರಿಗೆ ಹೋಗಿ. ವಿಜಯದಶಮಿಯಿಂದ ಹುಣ್ಣಿಮೆಗೆ ಐದು ದಿನ ಇರುತ್ತದೆ, ಎಡೆ ಒಯ್ಯುವ ಬುಟ್ಟಿಯ ಮೇಲೆ ಚಿತ್ತಾರ ಬರೆಯಲು ಅಷ್ಟು ಬೇಕು. ದೊಡ್ಡ ಭೂಮಣ್ಣಿ ಬುಟ್ಟಿಯನ್ನು ಮನೆಯ ಹೆಂಗಸರು ಬರೆಯಲಿ, ಜೊತೆಯ ಸಣ್ಣದನ್ನು ಮಗಳಿಗೆ ಬಿಡಿ. ಬಿದಿರು ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದು ಮತ್ತೆ ಒಣಗಿಸಿ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಗೆರೆ ಎಳೆಯಲಿ. ಕೆಮ್ಮಣ್ಣು ಹಸಿಯಿದ್ದರೆ ಬಿಳಿ ಹರಡುತ್ತದೆ, ಹಿಟ್ಟು ತೆಳುವಾದರೆ ಒಣಗಿದ ಮೇಲೆ ಕಾಣುವುದಿಲ್ಲ. ಗೆರೆ ಸೊಟ್ಟಗಾದರೆ ತಿದ್ದಬೇಡಿ.

ಬೆಳಗಿನ ಜಾವ ಗದ್ದೆಗೆ ಹೋಗುವಾಗ ಬದುವಿನ ಮೇಲೆ ಕೋಲು ಬಡಿಯುತ್ತ ದೊಡ್ಡವರೊಬ್ಬರು ಮುಂದೆ, ಮಗಳು ನಡುವೆ, ನೀವು ಹಿಂದೆ ನಡೆಯಿರಿ. ಟಾರ್ಚ್ ಮುಂದಿನವರ ಕಾಲಿನ ಬುಡಕ್ಕೆ ಬೀಳಲಿ. ಬೆಳಕು ಹರಿದ ಮೇಲೆ ಬೇಲಿಯಲ್ಲಿ ಕೆಂಪು–ಹಳದಿ ಜ್ವಾಲೆಯಂಥ ಗೌರಿಹೂ ಕಣ್ಣಿಗೆ ಬೀಳುತ್ತದೆ. ನೋಡಲಿ, ಕೀಳಬಾರದು. ಗಡ್ಡೆಯಿಂದ ಹೂವಿನವರೆಗೆ ಎಲ್ಲವೂ ವಿಷ. ಹೊಡೆ ತುಂಬಿದ ಭತ್ತದ ಒಂದೇ ಒಂದು ಕಾಂಡವನ್ನು ಕೇಳಿ ಕಿತ್ತು, ಉಗುರಿನಿಂದ ಉದ್ದಕ್ಕೆ ಸೀಳಿ ತೋರಿಸಿ. ಒಳಗೆ ಎಳೆ ತೆನೆ, ಹಾಲೂ ಕಟ್ಟದ ಹಸಿರು ಕಾಳು, ಜಡೆ ಹೆಣೆದಂತೆ ಮಡಿಸಿಕೊಂಡಿರುತ್ತದೆ. ಭೂಮಿತಾಯಿಗೆ ಬಯಕೆಯೂಟ ಏಕೆಂಬುದು ಅವಳಿಗೆ ಆಗ ತಾನಾಗಿಯೇ ತಿಳಿಯುತ್ತದೆ.

ಪೂಜೆಯಾಗಿ ಚರಗ ಬೀರಿದ (ಎಡೆಯನ್ನು ಗದ್ದೆಗೆಲ್ಲ ಎರಚಿದ) ಮೇಲೆ ಕೆಲವು ಮನೆಗಳಲ್ಲಿ ಒಂದು ಕಡುಬನ್ನು ಗದ್ದೆಯಲ್ಲಿ ಹೂತಿಟ್ಟು ಕೊಯ್ಲಿನ ಹೊತ್ತಿಗೆ ತೆಗೆಯುವ ಪದ್ಧತಿಯಿದೆ. ನಿಮ್ಮಲ್ಲೂ ಇದ್ದರೆ ಮಗಳ ಕೈಯಿಂದಲೇ ಹೂಳಿಸಿ, ಬದುವಿನಿಂದ ಎಷ್ಟು ಹೆಜ್ಜೆ ಎಂದು ಅವಳೇ ಎಣಿಸಲಿ, ಪಕ್ಕದಲ್ಲಿ ಒಂದು ಗೂಟ ನೆಡಿ. ಕೊಯ್ಲಿನ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿಸಿ ಕರೆದುಕೊಂಡು ಬನ್ನಿ.